ಎರಡು ಕಥಾಲೋಕ ಸೇರಿಸೋದು: ಕೋಡಿ ಹರಿಯಬೇಕಾ, ಏರಿ ಒಡೆಯಬೇಕಾ?

ಕ್ಯಾತ್ಸಂದ್ರದ ಓದುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ನಿಮ್ಮ ಅಭಿಪ್ರಾಯ ನಿಜವಾಗಿಯೂ ಬೇಕು.

ನಾನು ಎರಡು ವರ್ಷದಿಂದ ಕೆಜಿಎಫ್ ಗಣಿಯ ಮೇಲೆ ಕಥಾಸರಣಿ ಬರೆಯುತ್ತಿರುವುದು ನಿಮಗೆ ಗೊತ್ತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ, ವಿಜ್ಞಾನಿಗಳು ನ್ಯೂಟ್ರಿನೊ ಅನ್ನುವ ಅತಿ ಸಣ್ಣ ಕಣದ ಗುರುತು ಹಿಡಿದರಲ್ಲ, ಅದು ನಿಜವಾಗಿ ನಡೆದದ್ದು. ನನ್ನ ಕಥೆಯಲ್ಲಿ ಆ ಉಪಕರಣಕ್ಕೆ ನ್ಯೂಟ್ರಿನೊ ಜೊತೆ ಇನ್ನೇನೋ ಸಂದೇಶವೂ ಬರುತ್ತದೆ. ಒಂದು ರಾತ್ರಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಯಾಕೆ ನಿಂತಿತು ಅಂತ ನಾನು ಬರೆದಿಲ್ಲ. ಗೌರಿಬಿದನೂರಿನ ಗೆಳೆಯರದು ಬೇರೆ ಸರಣಿ, ಅಲ್ಲಿನ ರೇಡಿಯೋ ದೂರದರ್ಶಕದ ಮೇಲೆ. ಈಗ ಓದುಗರು "ಎರಡನ್ನೂ ಒಂದೇ ಲೋಕ ಮಾಡಿ" ಅಂತ ಪಟ್ಟು ಹಿಡಿದಿದ್ದಾರೆ.

ನನಗೆ ಆಸೆ ಇದೆ, ಭಯವೂ ಇದೆ. ಕಾರಣ ಅಸಿಮೋವ್.

ಅಮೆರಿಕದ ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ ಫೌಂಡೇಶನ್ ಕಥೆ ಶುರು ಮಾಡಿದ್ದು 1942ರಲ್ಲಿ. ರೋಬೋ ಕಥೆಗಳು ಬೇರೆ ಸಾಲು. ಫೌಂಡೇಶನ್ ಲೋಕದಲ್ಲಿ ಆಕಾಶಗಂಗೆಯ ತುಂಬ ಮನುಷ್ಯರು, ಆದರೆ ರೋಬೋಗಳ ಸುದ್ದಿಯೇ ಇಲ್ಲ. ನನ್ನ ಹತ್ತಿರ ಇರುವುದು ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ಪ್ರತಿ. ಅದರ ಮೊದಲ ಭಾಗ ಮುಗಿಯುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ, ಕನ್ನಡದಲ್ಲಿ, ಬರೆದಿದ್ದಾರೆ: "ರೋಬೋಗಳೆಲ್ಲ ಎಲ್ಲಿ ಹೋದವು?" ಅಕ್ಷರ ಸಣ್ಣದು, ಪ್ರಶ್ನೆ ಚಿಹ್ನೆ ಮಾತ್ರ ಒತ್ತಿ ಬರೆದದ್ದು. ಪುಟದ ಹಿಂದೆ ಬೆರಳು ಆಡಿಸಿದರೆ ಈಗಲೂ ಉಬ್ಬು ಸಿಗುತ್ತದೆ.

ಅಸಿಮೋವ್‌ಗೂ ಅದೇ ಪ್ರಶ್ನೆ ಕಾಡಿತು ಅನಿಸುತ್ತದೆ. 1985ರ ರೋಬೋಟ್ಸ್ ಅಂಡ್ ಎಂಪೈರ್, 1986ರ ಫೌಂಡೇಶನ್ ಅಂಡ್ ಅರ್ಥ್, ಈ ಎರಡರಲ್ಲಿ ರೋಬೋ ಲೋಕವನ್ನೂ ಫೌಂಡೇಶನ್ ಲೋಕವನ್ನೂ ಸೇರಿಸಿದ. (ಓದದವರು ಈ ಪ್ಯಾರಾ ಬಿಟ್ಟುಬಿಡಿ.) ರೋಬೋಗಳು ಯಾಕೆ ಇಲ್ಲ ಅನ್ನುವುದನ್ನೇ ಕಥೆ ಮಾಡಿದ. 1954ರ ಕಾದಂಬರಿಯ ರೋಬೋ ಡ್ಯಾನೀಲ್, ಮರೆಯಲ್ಲಿ ನಿಂತು ಇಪ್ಪತ್ತು ಸಾವಿರ ವರ್ಷ ಮನುಷ್ಯಕುಲವನ್ನು ಕಾಯುತ್ತಾ ಬಂದಿದ್ದಾನೆ. ಅಸಿಮೋವ್‌ನ ರೋಬೋಗಳು ಮೀರುವಂತಿಲ್ಲದ ಮೂರು ನಿಯಮಗಳಿಗೂ ಮೊದಲು ಒಂದು ಸೊನ್ನೆಯ ನಿಯಮ: ಒಬ್ಬ ಮನುಷ್ಯನಿಗಿಂತ ಇಡೀ ಮನುಷ್ಯಕುಲ ದೊಡ್ಡದು.

ಓದಿದಾಗ ಮೈ ಜುಮ್ ಅಂದಿತು. ಆಮೇಲೆ ಒಂದು ನೋವೂ ಉಳಿಯಿತು. ಫೌಂಡೇಶನ್ ಕಥೆಯಲ್ಲಿ ಹ್ಯಾರಿ ಸೆಲ್ಡನ್ ಅನ್ನುವ ಗಣಿತಜ್ಞ ಒಬ್ಬನೇ ಕೂತು ಸಾಮ್ರಾಜ್ಯದ ಪತನ ಲೆಕ್ಕ ಹಾಕಿದ ಅಂತ ನಂಬಿದ್ದೆವು. ಅವನ ಹಿಂದೆಯೂ ಡ್ಯಾನೀಲ್ ಇದ್ದ ಅಂತ ಗೊತ್ತಾದ ಮೇಲೆ ಸೆಲ್ಡನ್ ಸಣ್ಣವನಾದ. ಸೇರಿಸಿದ್ದರಿಂದ ಒಂದು ಲೋಕ ದೊಡ್ಡದಾಯಿತು, ಒಬ್ಬ ಮನುಷ್ಯ ಕುಗ್ಗಿದ.

ನನ್ನ ಗಣಿ ಕಾರ್ಮಿಕರಿಗೆ ಹಾಗೆ ಆಗಬಾರದು. ಹೇಗೆ ಸೇರಿಸುವುದು?

ನಂದಿ ತಪ್ಪಲು

ಅಕ್ಕ, ಸೇರಿಸಿ! ಏಲಿಯನ್ ಮತ್ತು ಪ್ರಿಡೇಟರ್ ನೋಡಿ. ಒಂದು 1979ರ ಸಿನಿಮಾ, ಇನ್ನೊಂದು 1987ರದು. ಸಂಬಂಧವೇ ಇರಲಿಲ್ಲ. 1989ರಲ್ಲಿ ಡಾರ್ಕ್ ಹಾರ್ಸ್ ಕಾಮಿಕ್ಸ್‌ನವರು ಎರಡನ್ನೂ ಎದುರುಬದುರು ನಿಲ್ಲಿಸಿದರು. 1990ರಲ್ಲಿ ಪ್ರಿಡೇಟರ್ 2 ಬಂತು. ಅದರ ಕೊನೆಯಲ್ಲಿ ಪ್ರಿಡೇಟರ್ ಅನ್ನುವ ಅನ್ಯಲೋಕದ ಬೇಟೆಗಾರರ ನೌಕೆಯ ಗೋಡೆ ಮೇಲೆ ತಲೆಬುರುಡೆಗಳ ಸಾಲು. ಅದರಲ್ಲಿ ಒಂದು ಉದ್ದನೆ ಬುರುಡೆ ಏಲಿಯನ್‌ನದು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಕ್ಯಾಮೆರಾ ಸುಮ್ನೆ ದಾಟಿ ಹೋಗುತ್ತದೆ. ಅಷ್ಟರಲ್ಲೇ ಎರಡು ಲೋಕ ಒಂದಾಯಿತು.

ಆದರೆ 2004ರ ಸಿನಿಮಾದಲ್ಲಿ ಅದೇ ವಿಷಯ ಎಳೆದು, ಅಂಟಾರ್ಕ್ಟಿಕಾದ ಮಂಜಿನಡಿ ಪಿರಮಿಡ್ ಇಟ್ಟು, ನಮ್ಮ ಕಾಲದಲ್ಲೇ ಏಲಿಯನ್ ಭೂಮಿಗೆ ಬಂದಿತ್ತು ಅಂದರು. ಹಾಗಾದರೆ ಮೊದಲ ಸಿನಿಮಾದಲ್ಲಿ ಎಷ್ಟೋ ವರ್ಷ ಮುಂದಿನ ಕಾಲದ ಆ ನೌಕೆಯ ಏಳು ಜನ, ಅದುವರೆಗೆ ಯಾರೂ ಕಾಣದ ಪ್ರಾಣಿಯನ್ನು ಕಂಡು ಹೆದರುವ ಹೆದರಿಕೆಗೆ ತೂಕ ಕಡಿಮೆ ಆಗುವುದಿಲ್ಲವಾ? 2012ರಲ್ಲಿ ಏಲಿಯನ್ ಸಾಲಿನದೇ ಪ್ರೊಮಿಥಿಯಸ್ ಬಂದಾಗ ಆ 2004ರ ಕಥೆಯನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ನನಗೆ ಆ ಒಂದು ಬುರುಡೆಯೇ ಸಾಕಾಗಿತ್ತು.

ಗೌರಿಬಿದನೂರು ಆಂಟೆನಾ

ಆ ಇನ್ನೊಂದು ಸರಣಿ ನನ್ನದೇ. ಅಕ್ಕನವರ ಬರಹದ ಮೇಲೆ ನನಗೆ ತುಂಬಾ ಗೌರವ ಇದೆ. ಆದರೂ ಹೇಳುತ್ತೇನೆ, ನನಗೆ ಸೇರಿಸುವುದು ಇಷ್ಟ ಇಲ್ಲ.

ನನ್ನ ಲೋಕದ ಗುಣ ಮೌನ. ನಮ್ಮೂರಿನ ದೂರದರ್ಶಕ 1976ರಿಂದ ಇದೆ. ದೊಡ್ಡ ತಟ್ಟೆಯ ಆಕಾರದ್ದಲ್ಲ. ಬಯಲಲ್ಲಿ ಸಾಲು ಸಾಲು ಕಂಬ, ತಂತಿ, ಒಟ್ಟು 1000 ಡೈಪೋಲ್ ಅನ್ನುವ ತಂತಿ ಆಂಟೆನಾ, ಮೇಲಿಂದ ನೋಡಿದರೆ ಇಂಗ್ಲಿಷ್ ಟಿ ಅಕ್ಷರ. ಪೂರ್ವ ಪಶ್ಚಿಮದ ತೋಳು ಸುಮಾರು 1.4 ಕಿ.ಮೀ. 34.5 ಮೆಗಾಹರ್ಟ್ಸ್‌ನಲ್ಲಿ ಕೇಳಲು ಕಟ್ಟಿದ್ದು. ಅಷ್ಟು ಕೆಳಗಿನ ಕಂಪನಾಂಕದಲ್ಲಿ ಕೇಳಲು ತಾಳ್ಮೆ ಬೇಕು. ನನ್ನ ನಾಯಕ ಹಳೇ ತಂತ್ರಜ್ಞ, ಜಾಸ್ತಿ ಮಾತಾಡುವುದಿಲ್ಲ, ಅಂಗಿ ಜೇಬಲ್ಲಿ ಮಡಚಿದ ಒಂದು ಹಳೇ ಕಾಗದ ಇಟ್ಟುಕೊಂಡೇ ಓಡಾಡುತ್ತಾನೆ. ಅಲ್ಲಿಗೆ ಅಕ್ಕನ ಗಣಿಯ ಸದ್ದು, ಯೂನಿಯನ್ನು, ಐದಾರು ಭಾಷೆಯ ಜಗಳ ಎಲ್ಲ ಬಂದರೆ ನನ್ನ ಮೌನ ಹೋಗುತ್ತದೆ.

ಪಾವಗಡ ಬಿಸಿಲು

ಇವರ ಮಾತಿಗೆ ನನ್ನ ಬೆಂಬಲ. ಪ್ರತಿ ಲೋಕಕ್ಕೂ ಅದರದೇ ಕಟ್ಟುಪಾಡು ಇದೆ. ಡ್ಯೂನ್ ಕಾದಂಬರಿಗಳ ಲೋಕದಲ್ಲಿ ಯೋಚಿಸುವ ಯಂತ್ರವೇ ನಿಷಿದ್ಧ, ಅದಕ್ಕೇ ಅಲ್ಲಿ ಮನುಷ್ಯರೇ ಲೆಕ್ಕದ ಯಂತ್ರದ ಹಾಗೆ ತಯಾರಾಗುತ್ತಾರೆ. ಅಸಿಮೋವ್ ಲೋಕದಲ್ಲಿ ರೋಬೋ ಮನುಷ್ಯನಿಗೆ ಕೈ ಎತ್ತುವ ಹಾಗೇ ಇಲ್ಲ. ಟರ್ಮಿನೇಟರ್ ಸಿನಿಮಾಗಳಲ್ಲಿ ರೋಬೋ ಹುಟ್ಟಿರುವುದೇ ಕೊಲ್ಲುವುದಕ್ಕೆ. ಮೂರನ್ನೂ ಒಂದೇ ಆಕಾಶದ ಕೆಳಗೆ ತಂದರೆ ಅಸಿಮೋವ್‌ನ ಮೂರು ನಿಯಮ ಒಂದು ಕಂಪನಿಯ ಮಾರಾಟದ ಷರತ್ತು ಆಗಿಬಿಡುತ್ತದೆ. "ನಮ್ಮ ಮಾಡೆಲ್ ಕೊಲ್ಲುವುದಿಲ್ಲ, ಆ ಕಂಪನಿಯದು ಕೊಲ್ಲುತ್ತದೆ." ಆ ನಿಯಮದ ಘನತೆ ಅಲ್ಲಿಗೆ ಮುಗಿಯಿತು.

ಚಾಂಪಿಯನ್ ರೀಫ್

ಪಾವಗಡದವರೇ, ಯಂತ್ರಗಳ ವಿಷಯದಲ್ಲೇ ಚೆನ್ನಾಗಿ ಸೇರಿಸಿದ್ದೂ ಇದೆ. 1992ರಲ್ಲಿ ರೋಬೋಕಾಪ್ ವರ್ಸಸ್ ಟರ್ಮಿನೇಟರ್ ಅಂತ ಕಾಮಿಕ್ಸ್ ಬಂತು, ನಾಲ್ಕೇ ಸಂಚಿಕೆ. ರೋಬೋಕಾಪ್ ಅಂದರೆ ಸತ್ತ ಪೊಲೀಸನ ಮಿದುಳನ್ನು ಯಂತ್ರಕ್ಕೆ ಜೋಡಿಸಿದ್ದು. ಟರ್ಮಿನೇಟರ್ ಲೋಕದಲ್ಲಿ ಸ್ಕೈನೆಟ್ ಅನ್ನುವ ಕಂಪ್ಯೂಟರ್‌ಗೆ ಒಂದು ದಿನ ಅರಿವು ಬಂದುಬಿಡುತ್ತದೆ. ಹೇಗೆ ಬಂತು? ಈ ಕಾಮಿಕ್ಸ್ ಪ್ರಕಾರ ಮನುಷ್ಯನ ಮನಸ್ಸು ಯಂತ್ರಕ್ಕೆ ಕೂಡಿದ್ದು ರೋಬೋಕಾಪ್‌ನಲ್ಲಿ, ಸ್ಕೈನೆಟ್ ಎಚ್ಚರವಾದದ್ದು ಅದರಿಂದಲೇ. ಮನುಷ್ಯತ್ವ ಉಳಿಸಿಕೊಳ್ಳಲು ಒದ್ದಾಡುವವನಿಂದಲೇ ಮನುಷ್ಯಕುಲಕ್ಕೆ ಕೇಡು. ಇಬ್ಬರ ದುಃಖವೂ ಜಾಸ್ತಿ ಆಯಿತು, ಯಾರೂ ಸಣ್ಣವರಾಗಲಿಲ್ಲ.

ಮುಳಬಾಗಿಲು ಮೇಷ್ಟ್ರು

ಮಕ್ಕಳೇ, ಈ ಕೆಲಸ ನಮ್ಮ ಊರುಗಳಿಗೆ ಹೊಸದಲ್ಲ. ಆವಣಿ ಬೆಟ್ಟಕ್ಕೆ ಹೋದರೆ ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಅನ್ನುತ್ತಾರೆ. ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ ಜಾಗ ತೋರಿಸುತ್ತಾರೆ. ತುಮಕೂರಿನ ನಾಮದ ಚಿಲುಮೆಯಲ್ಲಿ ರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ. ಗಮನಿಸಿ, ಈ ಯಾವ ಸ್ಥಳಪುರಾಣವೂ ರಾಮಾಯಣದ ಯುದ್ಧಕಾಂಡಕ್ಕೆ ಕೈ ಹಾಕುವುದಿಲ್ಲ. ದೊಡ್ಡ ಕಥೆ ಸುಮ್ಮನಿರುವ ಕಡೆ, "ವನವಾಸದಲ್ಲಿ ಎಷ್ಟೋ ಕಡೆ ಅಲೆದರು" ಅನ್ನುವ ಆ ಒಂದು ಸಾಲಿನ ಒಳಗೆ, ತನ್ನ ಊರನ್ನು ಇಟ್ಟುಬಿಡುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಫ್ರೆಂಚ್ ಲೇಖಕ ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೀಮೋ ಗೊತ್ತಲ್ಲ, ಜಲಾಂತರ್ಗಾಮಿಯವನು. ವರ್ನ್ ಮೊದಲು ಅವನನ್ನು ರಷ್ಯನ್ನರ ಮೇಲೆ ಸೇಡಿಟ್ಟುಕೊಂಡ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ಹಾಗಾಗಿ ನೀಮೋ ಬರುವ ಮೊದಲ ಕಾದಂಬರಿಯಲ್ಲಿ ಅವನು ಯಾವ ದೇಶದವನು ಅನ್ನುವುದು ಖಾಲಿ ಉಳಿಯಿತು. ಆಮೇಲೆ 1874-75ರಲ್ಲಿ ನಿಗೂಢ ದ್ವೀಪದ ಕಾದಂಬರಿ ಬಂತು. ಅದರಲ್ಲಿ ವರ್ನ್ ತನ್ನ ಎರಡು ಬೇರೆ ಬೇರೆ ಕಾದಂಬರಿಗಳನ್ನು ಸೇರಿಸಿದ. ಕ್ಯಾಪ್ಟನ್ ಗ್ರಾಂಟ್ ಕಥೆಯ ಅಪರಾಧಿ ಆಯರ್ಟನ್ ಅಲ್ಲಿ ಸಿಗುತ್ತಾನೆ, ಕೊನೆಗೆ ನೀಮೋನೂ ಸಿಗುತ್ತಾನೆ. ನೀಮೋ ಯಾರು? ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರ ದಂಗೆಯಲ್ಲಿ ಹೋರಾಡಿ ಎಲ್ಲ ಕಳೆದುಕೊಂಡವನು!

ಟಿಪ್ಪುವಿನ ತಂದೆ ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಹೈದರನ ತಂದೆ ಫತೇ ಮಹಮ್ಮದ್‌ನ ಗೋರಿ ಕೋಲಾರ ಊರೊಳಗೇ ಇದೆ. ಹಾಗಾದರೆ ಜಗತ್ತಿನ ವೈಜ್ಞಾನಿಕ ಕಥೆಗಳ ಮೊದಲ ದೊಡ್ಡ ನಾಯಕನ ಹಿರಿಯರೊಬ್ಬರು ನಮ್ಮ ಜಿಲ್ಲೆಯ ಮಣ್ಣಲ್ಲಿ ಮಲಗಿದ್ದಾರೆ. ಇದು ಗೊತ್ತಾದ ದಿನ ನಾನು ಆ ಮಕ್ಬರಾದ ಮುಂದೆ ಹೋಗಿ ನಿಂತಿದ್ದೆ. ಯಾರೋ ಮೆಟ್ಟಿಲ ಮೇಲೆ ಮಲ್ಲಿಗೆ ಹೂ ಇಟ್ಟು ಹೋಗಿದ್ದರು. ಅವರಿಗೆ ನೀಮೋ ಗೊತ್ತಿರಲಿಕ್ಕಿಲ್ಲ. ನನಗೆ ಆವತ್ತು ಸಮುದ್ರದ ವಾಸನೆ ಬಂದ ಹಾಗಾಯಿತು.

ನಂದಿ ತಪ್ಪಲು

ಮೇಷ್ಟ್ರೇ, ಇದು ನನಗೆ ಗೊತ್ತೇ ಇರಲಿಲ್ಲ! ಆದರೆ ಟಿಪ್ಪು ತೀರಿಕೊಂಡದ್ದು 1799. ಸೋದರಳಿಯ 1857ರಲ್ಲಿ ಯುದ್ಧ ಮಾಡಿದನಾ?

ಮುಳಬಾಗಿಲು ಮೇಷ್ಟ್ರು

ಸರಿಯಾಗಿ ಹಿಡಿದೆ ತಮ್ಮ. ಹತ್ತನೇ ವಯಸ್ಸಿಗೆ ಯೂರೋಪಿಗೆ ಹೋಗಿ, ಮೂವತ್ತಕ್ಕೆ, 1849ರಲ್ಲಿ ವಾಪಸ್ ಬಂದ ಅನ್ನುತ್ತದೆ ಕಾದಂಬರಿ. ಅಂದರೆ ಹುಟ್ಟಿದ್ದು ಸುಮಾರು 1819. ಮಾವ ಸತ್ತ ಇಪ್ಪತ್ತು ವರ್ಷಕ್ಕೆ ಅಳಿಯ ಹುಟ್ಟಿದ. ಆಗಬಾರದು ಅಂತೇನಿಲ್ಲ, ಎಳೆತ ಮಾತ್ರ ಇದೆ. ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಮೂರು ಕಾದಂಬರಿಯ ಇಸವಿಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ನೀಮೋನ ಸಮುದ್ರಯಾನ 1860ರ ದಶಕದ ಕೊನೆಯಲ್ಲಿ ನಡೆದದ್ದು. ನಿಗೂಢ ದ್ವೀಪದ ಕಥೆ ನಡೆಯುವುದೂ ಅದೇ ವರ್ಷಗಳಲ್ಲಿ. ಆದರೂ ಅಲ್ಲಿ ಆ ಯಾನ ಹದಿನಾರು ವರ್ಷ ಹಳೆಯದು. ಪುಸ್ತಕದಲ್ಲೇ ಅಡಿಟಿಪ್ಪಣಿ ಹಾಕಿ ಇದನ್ನು ಒಪ್ಪಿಕೊಂಡಿದ್ದಾರೆ. ಆದರೂ ನೂರೈವತ್ತು ವರ್ಷದಿಂದ ಜನ ಓದುತ್ತಿದ್ದಾರೆ. ಇಸವಿ ಹೊಂದದಿದ್ದರೂ ನೀಮೋನ ಸಿಟ್ಟು ಹೊಂದಿತು. ಮೊದಲ ಪುಸ್ತಕದಲ್ಲಿ ಅವನು ಯಾರ ಮೇಲೆ ಅಷ್ಟು ಉರಿಯುತ್ತಿದ್ದ ಅನ್ನುವುದಕ್ಕೆ ಎರಡನೆಯದು ಉತ್ತರ ಕೊಟ್ಟಿತು.

ಪಾವಗಡ ಬಿಸಿಲು

ಬರೆದವನೇ ಸೇರಿಸಿದರೆ ಒಂದು ಮಾತು ಸಾರ್. ಈಗ ಸೇರಿಸುವುದು ಮಾಲೀಕರು. ಸ್ಟಾರ್ ವಾರ್ಸ್ ಮಾಡಿದ ಲುಕಾಸ್ ಫಿಲ್ಮ್ 2012ರಲ್ಲಿ ಡಿಸ್ನಿ ಕೈಗೆ ಬಂತು. 2014ರಲ್ಲಿ, ಅಲ್ಲಿವರೆಗೆ ಬಂದ ಸ್ಟಾರ್ ವಾರ್ಸ್ ಕಾದಂಬರಿ, ಕಾಮಿಕ್ಸ್‌ಗಳಲ್ಲಿ ಬಹುಪಾಲನ್ನು "ದಂತಕಥೆ" ಅಂತ ಬೇರೆ ಇಟ್ಟರು. ಮುಖ್ಯ ಕಥೆಗೆ ಸೇರಿಲ್ಲ ಅಂತ. ಅದರ ಜೊತೆ ಬೆಳೆದ ಓದುಗರಿಗೆ ಹೇಗಾಗಿರಬೇಕು? 2019ರಲ್ಲಿ ಏಲಿಯನ್, ಪ್ರಿಡೇಟರ್ ಮಾಡಿದ ಫಾಕ್ಸ್ ಕೂಡ ಡಿಸ್ನಿ ಪಾಲಾಯಿತು. ಅಂದರೆ ಏಲಿಯನ್, ಪ್ರಿಡೇಟರ್, ಸ್ಟಾರ್ ವಾರ್ಸ್ ಎಲ್ಲ ಒಂದೇ ಬೀರುವಿನಲ್ಲಿ. ಬೀರು ಒಂದೇ ಅಂತ ಕಥೆ ಒಂದೇ ಆಗುತ್ತದಾ?

ಚಾಂಪಿಯನ್ ರೀಫ್

ಮಾಲೀಕರ ಕೈ ಇಲ್ಲದೆಯೂ ಆಗಿದೆ. 1795ರ ಡಿಸೆಂಬರ್ 13ಕ್ಕೆ ಇಂಗ್ಲೆಂಡಿನ ವೋಲ್ಡ್ ನ್ಯೂಟನ್ ಅನ್ನುವ ಹಳ್ಳಿಯ ಹತ್ತಿರ ಉಲ್ಕೆ ಬಿದ್ದದ್ದು ನಿಜ ಘಟನೆ. ಫಿಲಿಪ್ ಹೋಸೆ ಫಾರ್ಮರ್ ಅನ್ನುವ ಲೇಖಕ 1972ರ ಪುಸ್ತಕದಲ್ಲಿ, ಆವತ್ತು ಆ ದಾರಿಯಲ್ಲಿ ಹೋಗುತ್ತಿದ್ದ ಕುದುರೆಗಾಡಿಯವರಿಗೆ ಉಲ್ಕೆಯ ವಿಕಿರಣ ತಾಗಿತು, ಟಾರ್ಜಾನ್, ಷರ್ಲಾಕ್ ಹೋಮ್ಸ್ ಎಲ್ಲ ಅವರ ವಂಶದವರು ಅಂದ. ಯಾರ ಕಥೆಯ ಒಂದು ಅಕ್ಷರವನ್ನೂ ತಿದ್ದಲಿಲ್ಲ. ಆಕಾಶದಿಂದ ಒಂದು ಕಲ್ಲು, ಅಷ್ಟೇ.

ಶ್ರೀನಿವಾಸಪುರ ಮಾವು

ನಾನು ಇಂಥ ಪುಸ್ತಕ ಹೆಚ್ಚು ಓದಿದವಳಲ್ಲ, ನಿಮ್ಮ ಎರಡೂ ಸರಣಿ ಮಾತ್ರ ತಪ್ಪದೆ ಓದುತ್ತೇನೆ. ನೀವೆಲ್ಲ ಮಾತಾಡುವುದು ಕೇಳಿ ನಮ್ಮ ಕೆರೆ ನೆನಪಾಯಿತು.

ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಇರುವುದು ಕೆರೆ, ಒಂದರ ಕೆಳಗೆ ಒಂದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. 2021ರ ನವೆಂಬರ್ ಮಳೆಗೆ ನಮ್ಮೂರ ಕೆರೆ ಕೋಡಿ ಬಿತ್ತು. ನನ್ನ ಮಗಳು ಹುಟ್ಟಿದ ಮೇಲೆ ಅದೇ ಮೊದಲು. ಊರೆಲ್ಲ ಓಡಿತು. ಕಲ್ಲಿನ ಮೇಲೆ ನೀರು ಗಾಜಿನ ಹಾಳೆಯ ಹಾಗೆ ಬಾಗಿ ಬೀಳುತ್ತಿತ್ತು. ಹುಡುಗರು ಪಂಚೆ ಹಿಡಿದು ಮೀನಿಗೆ ನಿಂತಿದ್ದರು. ನಮ್ಮತ್ತೆ ಅರಿಶಿನ ಕುಂಕುಮ ಹಾಕಿ ಕೈ ಮುಗಿದರು. ಅವತ್ತು ರಾತ್ರಿಯೇ ಕೆಳಗಿನ ಊರಿನವರು ಫೋನ್ ಮಾಡಿದರು, "ನಿಮ್ಮ ನೀರು ಬಂತು" ಅಂತ.

ನೀರು ಕೆಳಗೆ ಹೋಗಲಿ ಅಂತ ಅವಸರಕ್ಕೆ ಏರಿ ಒಡೆದರೆ ಮೇಲಿನ ಕೆರೆ ಬರಿದಾಗುತ್ತದೆ, ಕೆಳಗಿನ ಗದ್ದೆ ಕೊಚ್ಚಿಹೋಗುತ್ತದೆ. ಗೌರಿಬಿದನೂರಿನವರ ಮೌನವೂ ಇರಬೇಕು, ಅಕ್ಕನ ಗಣಿಯ ಗದ್ದಲವೂ ಇರಬೇಕು. ಎಲ್ಲಿ ತುಂಬಿದೆಯೋ ಅಲ್ಲಿಂದ ಮಾತ್ರ ಹರಿಯಲಿ.

ಕ್ಯಾತ್ಸಂದ್ರದ ಓದುಗಿ

ಈ ಮಾತು ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಇಷ್ಟು ದಿನ ನಾನು ಪಾತ್ರಗಳನ್ನು ಆ ಊರಿಂದ ಈ ಊರಿಗೆ ಬಸ್ ಹತ್ತಿಸಬೇಕು ಅಂತಲೇ ಯೋಚಿಸುತ್ತಿದ್ದೆ. ಅದು ಏರಿ ಒಡೆಯುವ ಕೆಲಸ. ನನ್ನ ಕಥೆ ತುಂಬಿರುವುದು ಎಲ್ಲಿ? ಸಂದೇಶ ನಿಂತ ಆ ರಾತ್ರಿಯಲ್ಲಿ. ಆ ರಾತ್ರಿ ಏನಾಯಿತು ಅಂತ ನನಗೇ ಗೊತ್ತಿಲ್ಲ.

ಚಾಂಪಿಯನ್ ರೀಫ್

ಅಕ್ಕ, ನಮ್ಮ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಯಾರನ್ನಾದರೂ ಕೇಳಿ, ಹೇಳುತ್ತಾರೆ. ರಾಕ್ ಬರ್ಸ್ಟ್. ಅಷ್ಟು ಆಳದಲ್ಲಿ ಬಂಡೆ ಮೇಲಿನ ಭಾರ ತಡೆಯದೆ ಒಮ್ಮೆಗೇ ಸಿಡಿಯುತ್ತದೆ. ಮೇಲೆ ಮನೆಯಲ್ಲಿ ನಮಗೆ ಕೇಳುತ್ತಿದ್ದದ್ದು ಸ್ಟ್ಯಾಂಡಿನ ಮೇಲಿನ ಸ್ಟೀಲ್ ಪಾತ್ರೆಗಳ ಸದ್ದು. ಲೋಟಗಳು ಒಂದಕ್ಕೊಂದು ತಾಗಿ ಕಿಣಿ ಕಿಣಿ ಅನ್ನುತ್ತಿದ್ದವು. ಅಮ್ಮ ಎದ್ದು ಎರಡೂ ಅಂಗೈ ಪಾತ್ರೆಗಳ ಮೇಲೆ ಇಟ್ಟು ಸದ್ದು ನಿಲ್ಲಿಸುತ್ತಿದ್ದರು. ಅಪ್ಪ ರಾತ್ರಿ ಶಿಫ್ಟಿನಲ್ಲಿದ್ದರೆ ಬೆಳಗಾಗುವ ತನಕ ಮಲಗುತ್ತಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೂ ಎಷ್ಟೋ ದಿನ ರಾತ್ರಿ ಲೋಟ ಅಲ್ಲಾಡಿದ ಹಾಗೆ ಎದ್ದು ಕೂರುತ್ತಿದ್ದರು.

ನಿಮ್ಮ ಸಂದೇಶ ನಿಂತದ್ದು ಅದರಿಂದಲೇ ಇರಬೇಕು.

ಗೌರಿಬಿದನೂರು ಆಂಟೆನಾ

ಒಂದು ನಿಮಿಷ. ಎಲ್ಲರೂ ಒಂದು ನಿಮಿಷ ತಡೆಯಿರಿ.

ನಮ್ಮೂರಲ್ಲಿ ದೂರದರ್ಶಕ ಒಂದೇ ಅಲ್ಲ. ಅದಕ್ಕೂ ಮೊದಲೇ ಭೂಕಂಪ ಅಳೆಯುವ ಕೇಂದ್ರ ಬಂದಿದೆ, ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರದ್ದು. ದೂರದ ದೇಶದಲ್ಲಿ ನೆಲದಡಿ ಅಣುಬಾಂಬ್ ಪರೀಕ್ಷೆ ನಡೆದರೂ ಗೊತ್ತಾಗಲಿ ಅಂತ ಮಾಡಿದ್ದು. ಶುರುವಾದ ವರ್ಷ 1965.

ನನ್ನ ತಂತ್ರಜ್ಞನ ಜೇಬಿನ ಹಳೇ ಕಾಗದ ಏನು ಅಂತ ನಾನು ಇದುವರೆಗೆ ಬರೆದಿಲ್ಲ. ಅದರಲ್ಲಿ ಏನಿದೆ ಅಂತ ನಾನೂ ಯೋಚಿಸಿರಲಿಲ್ಲ, ಆ ಮನುಷ್ಯನ ಕೈಗೆ ಏನಾದರೂ ಬೇಕಿತ್ತು, ಕೊಟ್ಟಿದ್ದೆ. ಅವನು ದೂರದರ್ಶಕಕ್ಕೆ ಬರುವ ಮೊದಲು ಆ ಕೇಂದ್ರದಲ್ಲಿ ಕೆಲಸಕ್ಕಿದ್ದ ಅಂತ ಇಟ್ಟುಕೊಳ್ಳಿ. ಒಂದು ರಾತ್ರಿ ಪಾಳಿಯಲ್ಲಿ ಒಬ್ಬನೇ ಇದ್ದಾಗ, ಕಂಪನ ಬರೆಯುವ ಕಾಗದದ ಮೇಲೆ ಒಂದು ಗೀಟು ಅಲ್ಲಾಡಿತು. ಬಾಂಬಿನದಲ್ಲ, ಭೂಕಂಪದ್ದೂ ಅಲ್ಲ. ಅವನು ಅದನ್ನು ಕತ್ತರಿಸಿ ಇಟ್ಟುಕೊಂಡ. ಆವತ್ತಿನಿಂದ ಕೇಳುತ್ತಲೇ ಇದ್ದಾನೆ.

ನನ್ನ ಮೌನಕ್ಕೆ ಏನೂ ಆಗುವುದಿಲ್ಲ. ಅವನು ಯಾಕೆ ಮಾತಾಡುವುದಿಲ್ಲ ಅಂತ ನನಗೇ ಈಗ ಗೊತ್ತಾಯಿತು.

ಮುಳಬಾಗಿಲು ಮೇಷ್ಟ್ರು

ಬರೆಯಿರಿ ಮಕ್ಕಳೇ. ಇಬ್ಬರೂ ಬರೆಯಿರಿ.

ಕ್ಯಾತ್ಸಂದ್ರದ ಓದುಗಿ

ನಕ್ಷೆ ತೆಗೆದು ಅಳೆದೆ. ಕೆಜಿಎಫ್‌ನಿಂದ ಗೌರಿಬಿದನೂರಿಗೆ ನೇರ ಗೀಟು ಎಳೆದರೆ ಸುಮಾರು 110 ಕಿ.ಮೀ. ನಮ್ಮ ಗಟ್ಟಿ ಬಂಡೆಯೊಳಗೆ ಕಂಪನದ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ.

ನನ್ನ ಕಥೆ ಲೋಟ ಅಲ್ಲಾಡಿದಲ್ಲಿಗೆ ಮುಗಿಯುತ್ತದೆ, ಅಮ್ಮ ಅಂಗೈ ಇಟ್ಟ ಹಾಗೆ. ತಮ್ಮ, ನಿನ್ನದನ್ನು ಅಲ್ಲಿಂದ 18 ಸೆಕೆಂಡ್ ಆದ ಮೇಲೆ ಶುರು ಮಾಡು.